ಒಂದು ನಿಮಿಷದ ಟೈರ್, ಇಪ್ಪತ್ತು ನಿಮಿಷದ ಟೈರ್

[ದೃಶ್ಯ: ಹ್ಯಾಚ್‌ಬ್ಯಾಕ್‌ನಿಂದ ಬಿಚ್ಚಿದ ಮುಂದಿನ ಎಡ ಟೈರ್, ಮೇಜಿನ ಮೇಲೆ. ಕ್ಯಾಮೆರಾ ಹತ್ತಿರಕ್ಕೆ.]

ಕೋನ್ ಇಟ್ಟ ಆಟೋಕ್ರಾಸ್‌ಗೆ ಯಾವ ಟೈರ್, ರೇಸ್ ಟ್ರ್ಯಾಕಿಗೆ ಯಾವ ಟೈರ್ ಅನ್ನೋದೇ ಇವತ್ತಿನ ಮಾತು. ಟ್ರ್ಯಾಕ್‌ನಲ್ಲಿ ಓಡಿ ಬಂದ ಈ ಟೈರಿನ ಒಳ ಅಂಚು ನೋಡಿ. ಡೆಪ್ತ್ ಗೇಜ್ ಇಟ್ಟರೆ ಇನ್ನೂ 6 ಮಿ.ಮೀ. ಬಟನ್ (ನೆಲ ಹಿಡಿಯೋ ರಬ್ಬರಿನ ಉಬ್ಬು) ಇದೆ. ನಡುವೆ 5. ಈಗ ಹೊರ ಅಂಚಿಗೆ ಬನ್ನಿ. ಇಲ್ಲಿ ಗೇಜ್ ಇಳಿಸೋಕೆ ಗೀರೇ ಉಳಿದಿಲ್ಲ. ಬ್ಲಾಕ್‌ಗಳ ಮೂಲೆ ಕಿತ್ತು ಬಂದಿದೆ, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲಿನ ಅಕ್ಷರಗಳ ತನಕ ಉಜ್ಜಿದ ಗುರುತು. ಮುಕ್ಕಾಲು ಪಾಲು ಚೆನ್ನಾಗಿರೋ ಟೈರು ಈಗ ಗುಜರಿಗೆ.

ದುಡ್ಡು ಕೊಟ್ಟು ಇದಕ್ಕಿಂತ ಅಂಟೋ ಟೈರ್ ತಂದು ಹಾಕಿದರೂ ಇದೇ ಕಾರಿನಲ್ಲಿ ಇದೇ ಗತಿ ಆಗತ್ತೆ. ಯಾಕೆ ಅಂತ ಗೊತ್ತಾಗಬೇಕಾದರೆ ಬ್ರ್ಯಾಂಡ್ ಹೆಸರು ಆಮೇಲೆ ನೋಡೋಣ. ಮೊದಲು ಶಾಖದ ಲೆಕ್ಕ.

[ದೃಶ್ಯ: ಕಾದ ಕಾವಲಿ, ಹಿಟ್ಟು ಬೀಳುತ್ತಿದೆ.]

ಕಾವಲಿ ಕಾಯದಿದ್ದರೆ ದೋಸೆ ಏಳಲ್ಲ. ಹೊಗೆಯಾಡೋ ಹಾಗೆ ಕಾದರೆ ಹಿಟ್ಟು ಹರಡೋಕೇ ಬರಲ್ಲ, ಸೌಟಿನ ಜೊತೆಗೇ ಸುತ್ತಿಕೊಂಡು ಬರತ್ತೆ. ಟೈರಿನ ರಬ್ಬರಿಗೂ ಹೀಗೇ ಒಂದು ಹದ ಇದೆ. ತಣ್ಣಗಿದ್ದಾಗ ಗಟ್ಟಿ, ರಸ್ತೆಯ ಸಣ್ಣ ಉಬ್ಬುತಗ್ಗಿಗೆ ಬಗ್ಗಲ್ಲ, ಜಾರತ್ತೆ. ಹದಕ್ಕೆ ಬಂದಾಗ ಹಿಡಿಯತ್ತೆ. ಹದ ಮೀರಿದರೆ ಮೇಲ್ಮೈ ಎಣ್ಣೆ ಸವರಿದ ಹಾಗೆ ಆಗತ್ತೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗತ್ತೆ. ರಸ್ತೆಗೆ ಮಾಡಿದ ಪರ್ಫಾರ್ಮೆನ್ಸ್ ಟೈರುಗಳ ಹದ ಹೆಚ್ಚುಕಡಿಮೆ 70ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ.

ಟಾರ್ ಮೇಲಿನ ಆಟೋಕ್ರಾಸ್ ಅಂದರೆ ಕೋನ್ ಇಟ್ಟ ಮೈದಾನ, ಒಂದು ರನ್ ಸುಮಾರು 60 ಸೆಕೆಂಡ್. ಓಡಿ ಬಂದು ಸಾಲಿನಲ್ಲಿ ನಿಂತರೆ ಟೈರ್ ಮತ್ತೆ ತಣ್ಣಗೆ. ಅಲ್ಲಿ ಮೊದಲ ದೋಸೆಯೇ ಏಳಬೇಕು. ಟ್ರ್ಯಾಕ್ ಡೇ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸೋ ದಿನ, 15–20 ನಿಮಿಷದ ಸೆಷನ್. ಮೊದಲ ಒಂದು ಸುತ್ತು ಟೈರ್ ಕಾಯೋಕೆ ಹೋದರೂ ಪರವಾಗಿಲ್ಲ, ಆದರೆ ಆರನೇ ಸುತ್ತಿನಲ್ಲಿ ಅದು ಕೈ ಕೊಡಬಾರದು. ಈ ಎರಡು ಕೆಲಸವನ್ನೂ ಪೂರ್ತಿ ಚೆನ್ನಾಗಿ ಮಾಡೋ ಟೈರ್ ಇಲ್ಲ. ನಿಮ್ಮ ಆಟ ಯಾವುದು ಅಂತ ಮೊದಲು ತೀರ್ಮಾನ ಮಾಡಿ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ನಮ್ಮ ಕಡೆ ಆಟೋಕ್ರಾಸ್ ಅಂತ ಕರೆಯೋದು ಹೆಚ್ಚಾಗಿ ಮಣ್ಣಿನ ಮೇಲಿನ ಓಟ. ಅದಕ್ಕೆ ಬೇಕಾದ್ದು ರ‍್ಯಾಲಿಯ ಗ್ರಾವೆಲ್ ಟೈರ್: ದೊಡ್ಡ ಬ್ಲಾಕ್, ದಪ್ಪ ಸೈಡ್‌ವಾಲ್. ಈ ವಿಡಿಯೋದ ಒಂದು ಟೈರೂ ಅಲ್ಲಿ ಉಪಯೋಗಕ್ಕೆ ಬರಲ್ಲ.

[ದೃಶ್ಯ: ಸೈಡ್‌ವಾಲ್ ಮೇಲಿನ ಅಂಕಿಗಳು, ಬೆರಳು ತೋರಿಸುತ್ತಿದೆ.]

ಈಗ ಸೈಡ್‌ವಾಲ್ ಓದೋಣ. ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರತ್ತೆ: 80, 200, 300, 400 ಹೀಗೆ. ಇದು ಅಮೆರಿಕದ ಪದ್ಧತಿ. ಟೆಕ್ಸಾಸ್‌ನ ಸ್ಯಾನ್ ಆಂಜೆಲೊ ಸುತ್ತಮುತ್ತ ಸಾರ್ವಜನಿಕ ರಸ್ತೆಯಲ್ಲಿ 7,200 ಮೈಲಿ, ಅಂದರೆ ಸುಮಾರು 11,600 ಕಿ.ಮೀ. ಓಡಿಸಿ, ಒಂದು ಮಾದರಿ ಟೈರಿನ ಜೊತೆ ಸವೆತ ಹೋಲಿಸ್ತಾರೆ. ಮಾದರಿಗೆ 100 ಅಂದರೆ, 200 ಇರೋದು ಅದರ ಎರಡರಷ್ಟು ಬಾಳಬೇಕು. ಸಾಮಾನ್ಯವಾಗಿ ಅಂಕಿ ಕಡಿಮೆ ಆದಷ್ಟೂ ಅಂಟು ಜಾಸ್ತಿ, ಬಾಳಿಕೆ ಕಡಿಮೆ. ಆದರೆ ಕೊನೆಗೆ ಆ ಅಂಕಿ ಹಾಕೋದು ಟೈರ್ ಕಂಪನಿಯವರೇ. ಹಾಗಾಗಿ ಒಂದು ಕಂಪನಿಯ 200ನ್ನು ಇನ್ನೊಂದು ಕಂಪನಿಯ 200ರ ಪಕ್ಕ ಇಟ್ಟು ತೂಗೋಕೆ ಬರಲ್ಲ.

ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ಸಂಸ್ಥೆ ನಡೆಸೋ ಆಟೋಕ್ರಾಸ್‌ನ ಸ್ಟ್ರೀಟ್ ವಿಭಾಗದಲ್ಲಿ ಟ್ರೆಡ್‌ವೇರ್ ಕನಿಷ್ಠ 200 ಇರಬೇಕು ಅನ್ನೋ ನಿಯಮ ಇದೆ. ನಿಯಮ ಬಂದ ಮೇಲೆ ಏನಾಗತ್ತೆ? ಎಲ್ಲರೂ ಸೈಡ್‌ವಾಲ್ ಮೇಲೆ 200 ಅಂತ ಅಚ್ಚು ಹಾಕಿ ರೇಸ್ ಟೈರಿನ ಹತ್ತಿರದ ರಬ್ಬರ್ ಮಾಡೋಕೆ ಹೊರಟರು. ರಂಗೋಲಿ ಕೆಳಗೆ ನುಸುಳೋ ಕೆಲಸ. ನಮಗೆ ಅದರಿಂದ ಲಾಭವೇ ಆಯ್ತು ಅನ್ನಿ.

ಈ 200ರ ಗುಂಪಿನೊಳಗೇ ಎರಡು ಸ್ವಭಾವ. ಯೊಕೊಹಾಮಾ ಎ052, ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಬೇಗ ಕಾಯೋ ಜಾತಿ. ಮೊದಲ ತಿರುವಿನಲ್ಲೇ ಹಿಡೀತವೆ. ಆಟೋಕ್ರಾಸ್‌ಗೆ ಹೇಳಿ ಮಾಡಿಸಿದ ಹಾಗೆ. ಅದೇ ಎ052 ಹಾಕಿಕೊಂಡು ಬಿಸಿಲಿನಲ್ಲಿ 20 ನಿಮಿಷ ಓಡಿಸಿದರೆ ಮೂರ್ನಾಲ್ಕು ಸುತ್ತಿನಲ್ಲಿ ಮೇಲ್ಮೈ ಜಿಡ್ಡಾಗತ್ತೆ, ಸವೆತವೂ ಜೋರು. ಹ್ಯಾಂಕುಕ್ ವೆಂಟಸ್ ಆರ್‌ಎಸ್4 ಇದಕ್ಕೆ ತದ್ವಿರುದ್ಧ: ನಿಧಾನಕ್ಕೆ ಕಾಯತ್ತೆ, ಅತಿ ವೇಗದ ಒಂದು ಸುತ್ತು ಕೊಡಲ್ಲ, ಆದರೆ ಸೆಷನ್ ಪೂರ್ತಿ ಒಂದೇ ತರ ಇರತ್ತೆ. ಟ್ರ್ಯಾಕ್‌ನಲ್ಲಿ ಕಲಿಯೋರಿಗೆ ಈ ಎರಡನೇ ಜಾತಿಯೇ ಸರಿ. ಪ್ರತಿ ಸುತ್ತಿಗೂ ಟೈರ್ ಬದಲಾಗ್ತಾ ಇದ್ದರೆ, ತಪ್ಪು ನಿಮ್ಮದೋ ಟೈರಿನದೋ ಅಂತ ಗೊತ್ತಾಗೋದಾದರೂ ಹೇಗೆ?

100ರ ಆಸುಪಾಸಿನವು, ಉದಾಹರಣೆಗೆ ಟೊಯೊ ಆರ್888ಆರ್. ಒಣ ಟ್ರ್ಯಾಕ್‌ನಲ್ಲಿ ಬೆಂಕಿ, ನಿಂತ ನೀರಿನಲ್ಲಿ ಭಯ, ಹೆದ್ದಾರಿಯಲ್ಲಿ ಕಿವಿ ಕಿತ್ತು ಹೋಗೋ ಸದ್ದು. 300ರ ಮೇಲಿನ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ತರದವು ದಿನಾ ಆಫೀಸಿಗೂ ಆಗತ್ತೆ, ವರ್ಷಕ್ಕೆ ಎರಡು ಟ್ರ್ಯಾಕ್ ಡೇಗೂ ಆಗತ್ತೆ. ಸತತ ಐದಾರು ಸುತ್ತು ಹಿಂಡಿದರೆ ಮಾತ್ರ ಒಂದು ಸುತ್ತು ನಿಧಾನಕ್ಕೆ ಓಡಿಸಿ ತಣ್ಣಗಾಗೋಕೆ ಬಿಡಬೇಕು.

ಇಲ್ಲಿ ನಮ್ಮ ದೇಶದ ತೊಡಕು ಬರತ್ತೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ತರಿಸೋಕೆ ಪರವಾನಗಿ ಬೇಕು. ಐಎಸ್‌ಐ ಗುರುತೂ ಬೇಕು. ಹಾಗಾಗಿ ಮೇಲೆ ಹೇಳಿದ 200ರ ಹೆಸರುಗಳು 15–16 ಇಂಚಿನಲ್ಲಿ ಅಂಗಡಿಗೆ ಹೋದ ತಕ್ಷಣ ಸಿಗ್ತವೆ ಅಂದುಕೊಳ್ಳಬೇಡಿ. ಎಲ್ಲೋ ಮೂಲೆಯಲ್ಲಿ ಒಂದು ಸೆಟ್ ಸಿಕ್ಕರೆ ತಯಾರಿಕೆ ತಾರೀಖು ನೋಡದೆ ದುಡ್ಡು ಕೊಡಬೇಡಿ. ನಾಲ್ಕು ಅಂಕಿ ಇರತ್ತೆ: 2319 ಅಂದರೆ 2019ರ 23ನೇ ವಾರ. ಅಷ್ಟು ಹಳೇ ರಬ್ಬರ್ ಒಳಗೆ ಗಟ್ಟಿಯಾಗಿರತ್ತೆ. ಬಟನ್ ಹೊಸದಾಗಿ ಕಂಡರೂ ನೀವು ಕಾಸು ಕೊಡ್ತಿರೋ ಅಂಟು ಅದರಲ್ಲಿ ಇರಲ್ಲ. ಅದಕ್ಕಿಂತ ಇಲ್ಲೇ ಸಿಗೋ ಒಳ್ಳೆ 300ರ ಟೈರ್, ಹೊಸದು, ಸಾವಿರ ಪಾಲು ವಾಸಿ.

[ದೃಶ್ಯ: ಬೋರ್ಡ್ ಮೇಲೆ ಅಳತೆಗಳ ಲೆಕ್ಕ.]

ಸೈಜ್ ಬದಲಾಯಿಸೋರಿಗೆ ಸಣ್ಣ ಲೆಕ್ಕ. 185/65 ಆರ್15 ಅಂದರೆ ಅಗಲ 185 ಮಿ.ಮೀ., ಸೈಡ್‌ವಾಲ್ ಎತ್ತರ ಅದರ ಶೇ. 65, ರಿಮ್ 15 ಇಂಚು. 185/65 ಆರ್15ರ ಒಟ್ಟು ವ್ಯಾಸ: ರಿಮ್ 381 ಮಿ.ಮೀ., ಎರಡೂ ಕಡೆಯ ಸೈಡ್‌ವಾಲ್ ಸೇರಿ 240.5, ಒಟ್ಟು 621.5. 195/55 ಆರ್16 ಹಾಕಿದರೆ 620.9. ಹೆಚ್ಚುಕಡಿಮೆ ಅಷ್ಟೇ. 205/50 ಆರ್16 ಆದರೆ 611.4, ಅಂದರೆ ಶೇ. 1.6ರಷ್ಟು ಚಿಕ್ಕದು, ಗೇರಿಂಗ್ ಸ್ವಲ್ಪ ಚುರುಕಾಗತ್ತೆ, ಸ್ಪೀಡೋಮೀಟರ್ ಸ್ವಲ್ಪ ಜಾಸ್ತಿ ತೋರಿಸತ್ತೆ, ಕಾರು 5 ಮಿ.ಮೀ. ಇಳಿಯತ್ತೆ. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ತೂಕದ ಅಂಕಿ), ಸ್ಪೀಡ್ ರೇಟಿಂಗ್ (ತಡೆಯೋ ವೇಗದ ಅಕ್ಷರ) ಎರಡೂ ಕಂಪನಿ ಕೊಟ್ಟಿದ್ದಕ್ಕಿಂತ ಕಡಿಮೆ ಆಗಬಾರದು. ಎಚ್ ಅಂದರೆ ಗಂಟೆಗೆ 210 ಕಿ.ಮೀ., ವಿ ಅಂದರೆ 240. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದರೆ ಸೈಡ್‌ವಾಲ್ ಬಲೂನಿನ ಹಾಗೆ ಉಬ್ಬಿ ತಿರುವಿನಲ್ಲಿ ವಾಲಾಡತ್ತೆ. ಅಗಲ ಹೆಚ್ಚಿಸಿದ ಲಾಭ ಅಲ್ಲೇ ಕರಗಿ ಹೋಗತ್ತೆ.

[ದೃಶ್ಯ: ಮತ್ತೆ ಮೇಜಿನ ಮೇಲಿನ ಅದೇ ಟೈರ್.]

ಈಗ ಈ ಟೈರಿಗೆ ವಾಪಸ್. ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ. ನಿಂತಾಗ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರೋ ಕೋನ) ಅರ್ಧ ಡಿಗ್ರಿಯಷ್ಟು ಇರಬಹುದು. ಕಾರು ವಾಲಿದಾಗ ಅದೂ ಹೋಗಿ ಟೈರ್ ಹೊರ ಅಂಚಿನ ಮೇಲೆ ನಿಲ್ಲತ್ತೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 3.7 ಕಿ.ಮೀ., ದೇವಸ್ಥಾನದ ಪ್ರದಕ್ಷಿಣೆಯ ಹಾಗೆ ಬಲಕ್ಕೆ ಸುತ್ತೋ ಟ್ರ್ಯಾಕ್. ಹಾಗಾಗಿ ಪೆಟ್ಟು ಬೀಳೋದು ಎಡಗಡೆಗೆ, ಅದರಲ್ಲೂ ಮುಂದಿನ ಎಡಕ್ಕೆ. ಬ್ರೇಕ್, ಸ್ಟೀರಿಂಗ್, ಎಂಜಿನ್ ಎಳೆತ ಎಲ್ಲದಕ್ಕೂ ಅದೊಂದೇ ಟೈರ್ ದುಡೀಬೇಕು.

ಮದ್ದು ಅಗ್ಗದ್ದೇ. ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಕೂರೋ ಲೋಹದ ತುಂಡು) ಸೇರೋ ಕಡೆ ಕ್ಯಾಂಬರ್ ಬೋಲ್ಟ್ ಹಾಕಿಸಿದರೆ ಒಂದರಿಂದ ಒಂದೂವರೆ ಡಿಗ್ರಿ ಹೆಚ್ಚು ಸಿಗತ್ತೆ, ನಿಮ್ಮ ಕಾರಿನ ಸ್ಟ್ರಟ್ ಅಲ್ಲಿ ಎರಡು ಬೋಲ್ಟಿನದಾಗಿದ್ದರೆ. ಕ್ಯಾಂಬರ್ ಮುಟ್ಟಿದ ಮೇಲೆ ಟೋ (ಮೇಲಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಕಡ್ಡಾಯವಾಗಿ ಮತ್ತೆ ಹೊಂದಿಸಬೇಕು. ಮರೆತರೆ ಮನೆ ಸೇರೋ ಹೊತ್ತಿಗೆ ಒಳ ಅಂಚು ಗರಗಸದ ಹಾಗೆ ಆಗಿರತ್ತೆ. ಡೈರೆಕ್ಷನಲ್ (ಒಂದೇ ದಿಕ್ಕಿಗೆ ಉರುಳಬೇಕಾದ) ಟೈರ್ ಆದರೆ ರಿಮ್ಮಿನಿಂದ ಬಿಚ್ಚಿ ಎಡ-ಬಲ ಅದಲು ಬದಲು ಹಾಕಿಸಿ, ಸವೆದ ಹೊರ ಅಂಚು ಒಳಗೆ ಹೋಗತ್ತೆ, ಆಯುಸ್ಸು ಬೆಳೆಯತ್ತೆ. "ಔಟ್‌ಸೈಡ್" ಅಂತ ಬರೆದ ಅಸಿಮೆಟ್ರಿಕ್ ಟೈರಿಗೆ ಈ ಉಪಾಯ ಇಲ್ಲ.

ಗಾಳಿ. ಎಲ್ಲಕ್ಕಿಂತ ಹೆಚ್ಚು ಜನ ಎಡವೋದು ಇಲ್ಲಿ. ಬೆಳಗ್ಗೆ 30 ಡಿಗ್ರಿಯಲ್ಲಿ 28 ಪಿಎಸ್‌ಐ ಇಟ್ಟಿರಿ ಅನ್ನಿ. ಒಳಗಿನ ಗಾಳಿ 80 ಡಿಗ್ರಿಗೆ ಏರಿದರೆ ಗೇಜ್ 35 ತೋರಿಸತ್ತೆ. ಏಳು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ ಏರಿಕೆ. ಡೋರ್ ಸ್ಟಿಕ್ಕರ್ ನೋಡಿ 33 ಇಟ್ಟು ಹೋದರೆ ಮೂರನೇ ಸುತ್ತಿಗೆ 40 ದಾಟಿರತ್ತೆ. ಟೈರ್ ನಡುವಿನ ಪಟ್ಟಿ ಮೇಲೆ ಮಾತ್ರ ನಿಲ್ಲತ್ತೆ. ಆದ್ದರಿಂದ ಟ್ರ್ಯಾಕ್‌ನಲ್ಲಿ ಲೆಕ್ಕಕ್ಕೆ ಬರೋದು ಬಿಸಿ ಗಾಳಿ ಮಾತ್ರ. ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕಿಗೆ ಮುಂದೆ ಬಿಸಿಯಲ್ಲಿ 34–36 ಅಂತ ಶುರು ಮಾಡಿ. ಸೆಷನ್ ಮುಗಿಸಿ ಪಿಟ್‌ಗೆ ಬಂದ ಒಂದೆರಡು ನಿಮಿಷದೊಳಗೆ ಅಳೆದು, ಜಾಸ್ತಿ ಇದ್ದರೆ ಇಳಿಸಿ. ಎಡ ಟೈರ್ ಹೆಚ್ಚು ಕಾಯೋದರಿಂದ ಎಡ-ಬಲ ಬೇರೆ ಬೇರೆ ಬರತ್ತೆ, ಗಾಬರಿ ಬೇಡ. ಆಟೋಕ್ರಾಸ್‌ನಲ್ಲಿ ಹಿಂದಿನದಕ್ಕೆ ಎರಡು-ಮೂರು ಪಿಎಸ್‌ಐ ಹೆಚ್ಚು ಇಟ್ಟರೆ ಹಿಂಭಾಗ ಸುಲಭವಾಗಿ ತಿರುಗತ್ತೆ. ಟ್ರ್ಯಾಕ್‌ನ ವೇಗದ ತಿರುವಿನಲ್ಲಿ ಮಾತ್ರ ಈ ಆಟ ಬೇಡ.

[ದೃಶ್ಯ: ಟೈರಿನ ಅಂಚಿಗೆ ಸೀಮೆಸುಣ್ಣದ ಗೆರೆ.]

ಸಾಕೋ ಬೇಕೋ ಅಂತ ಟೈರೇ ಹೇಳತ್ತೆ. ಬಟನ್ ಅಂಚಿನಿಂದ ಸೈಡ್‌ವಾಲ್ ತನಕ ಸೀಮೆಸುಣ್ಣದಲ್ಲಿ ಮೂರು ಕಡೆ ಗೆರೆ ಎಳೀರಿ. ಒಂದು ರನ್ ಆದ ಮೇಲೆ ನೋಡಿ. ಅನೇಕ ಟೈರುಗಳಲ್ಲಿ ಅಂಚಿನಲ್ಲೊಂದು ಪುಟ್ಟ ತ್ರಿಕೋನ ಇರತ್ತೆ; ಗೆರೆ ಅಲ್ಲಿಯ ತನಕ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಸೈಡ್‌ವಾಲ್ ಮೇಲೆ ಅಳಿಸಿದ್ದರೆ ಗಾಳಿ ಕಡಿಮೆ, ಎರಡು ಪಿಎಸ್‌ಐ ಏರಿಸಿ. ಬಟನ್ ಮೇಲಿನ ಗೆರೆಯೇ ಉಳಿದಿದ್ದರೆ ಗಾಳಿ ಜಾಸ್ತಿ. ಟೈರಿನ ಶಾಖ ಅಳೆಯೋ ಪೈರೋಮೀಟರ್ ಇದ್ದರೆ ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆಯಿರಿ: ನಡುವೆ ಬಿಸಿ ಆದರೆ ಗಾಳಿ ಜಾಸ್ತಿ, ಎರಡೂ ಅಂಚು ಬಿಸಿ ಆದರೆ ಕಡಿಮೆ, ಹೊರಗೆ ಮಾತ್ರ ಬಿಸಿ ಆದರೆ ಕ್ಯಾಂಬರ್ ಸಾಲದು. ಇನ್‌ಫ್ರಾರೆಡ್ ಗನ್ ಮೇಲ್ಮೈ ಮಾತ್ರ ಓದತ್ತೆ, ಪಿಟ್‌ಗೆ ಬರೋಷ್ಟರಲ್ಲಿ ಅದು ತಣಿದಿರತ್ತೆ. ರಬ್ಬರಿಗೆ ಚುಚ್ಚೋ ಸೂಜಿಯದ್ದೇ ನಂಬಬೇಕಾದ್ದು.

ಅಂಟೋ ಟೈರ್ ಹಾಕಿದ ಮೇಲೆ ಬ್ರೇಕಿಗೂ ಕೆಲಸ ಹೆಚ್ಚತ್ತೆ. ಪ್ಯಾಡ್ ಬದಲಾಯಿಸಿ, ಹೊಸ ಡಾಟ್ 4 ಫ್ಲೂಯಿಡ್ ಹಾಕಿಸಿ: ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿಕೊಂಡದ್ದು 155. ಬಜೆಟ್ ಒಂದಕ್ಕೇ ಆಗೋದಾದರೆ ಟೈರ್ ಮುಂದಿನ ವರ್ಷಕ್ಕೆ ಇಟ್ಟು ಬ್ರೇಕ್ ಮಾಡಿಸಿ. ಹೊಸ ಟೈರ್ ಹಾಕಿಸಿದರೆ 200 ಕಿ.ಮೀ. ಮೆತ್ತಗೆ ಓಡಿಸಿ, ಮೊದಲ ಸೆಷನ್ ಮುಕ್ಕಾಲು ವೇಗದಲ್ಲಿ ಮುಗಿಸಿ. 8 ಮಿ.ಮೀ. ಎತ್ತರದ ಹೊಸ ಬ್ಲಾಕ್‌ಗಳು ಶಾಖದಲ್ಲಿ ಓಲಾಡಿ ಚೂರು ಚೂರಾಗಿ ಕಿತ್ತು ಬರೋದು ಹೆಚ್ಚು. ಒಣ ಟ್ರ್ಯಾಕಿಗೆ 4–5 ಮಿ.ಮೀ.ಗೆ ಇಳಿದ ಟೈರೇ ಗಟ್ಟಿ. ಚೆನ್ನೈ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್ ಹಿಂಗಾರು ಮಳೆ, ಆಗ ಮಾತ್ರ ಲೆಕ್ಕ ತಿರುಗುಮುರುಗು.

ವೀಲ್ ನಟ್ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ, ಎಷ್ಟು ಅಂತ ಕಾರಿನ ಪುಸ್ತಕದಲ್ಲಿ ಇರತ್ತೆ. ಪ್ರತಿ ಸೆಷನ್ ಆಗಿ ಚಕ್ರ ತಣಿದ ಮೇಲೆ ಮತ್ತೊಮ್ಮೆ ನೋಡಿ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೀಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

[ದೃಶ್ಯ: ಸಂಜೆ, ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿ, ಗಾಳಿ ಪೈಪ್.]

ಸಂಜೆ ಐದಕ್ಕೆ ಟ್ರ್ಯಾಕ್ ಮುಚ್ಚತ್ತೆ, ಬೆಂಗಳೂರಿಗೆ ಇನ್ನೂ ಸುಮಾರು 300 ಕಿ.ಮೀ. ಬಿಸಿಯಲ್ಲಿ 34 ಅಂತ ಇಳಿಸಿದ ಟೈರ್ ತಣಿದಾಗ 27–28ಕ್ಕೆ ಬಂದಿರತ್ತೆ. ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಜ್ಯಾಕು, ಟೂಲ್ಸು, ಹೆಲ್ಮೆಟ್ಟು. ಆ ಗಾಳಿಯಲ್ಲಿ ಹೆದ್ದಾರಿಗೆ ಇಳಿದರೆ ಸೈಡ್‌ವಾಲ್ ಮಡಚಿ ಮಡಚಿ ಒಳಗೇ ಕಾಯತ್ತೆ, ದಿನವಿಡೀ ತಡೆದ ಟೈರ್ ರಾಣಿಪೇಟೆ ದಾಟೋ ಮುಂಚೆ ಒಡೀಬಹುದು. ಹೊರಡೋ ಮುನ್ನ ನಾಲ್ಕೂ ಟೈರಿನ ಸೈಡ್‌ವಾಲ್ ಮೇಲೆ, ಒಳಬದಿಗೂ ಕೈ ಹಾಕಿ ಸವರಿ: ಉಬ್ಬು ಸಿಕ್ಕರೆ ಆ ಟೈರ್ ಬಿಚ್ಚಿ ಸ್ಟೆಪ್ನಿ ಹಾಕಿ, ನಿಧಾನಕ್ಕೆ ಬನ್ನಿ. ಸಿಗದಿದ್ದರೆ, ಟೈರ್ ತಣಿದ ಮೇಲೆ, ನಾಲ್ಕಕ್ಕೂ ಡೋರ್ ಸ್ಟಿಕ್ಕರ್ ಹೇಳಿದಷ್ಟು ಗಾಳಿ ಹೊಡೆಸಿ, ಆಮೇಲೆ ಗಾಡಿ ತೆಗೀರಿ.