ಒಳಗೆ ಬೈಯುವವರನ್ನು ಕೇಳಿ ನೋಡಿ

ಕೇಳುಗರೇ, ನಮಸ್ಕಾರ. ರಾತ್ರಿ ಹನ್ನೊಂದು ಗಂಟೆ ಅಂದುಕೊಳ್ಳಿ. ನಾಳೆ ಬೇಗ ಏಳಬೇಕು, ಮಲಗು ಎಂದು ಒಂದು ಮನಸ್ಸು ಹೇಳುತ್ತಿರುತ್ತದೆ, ಇನ್ನೊಂದು ಮನಸ್ಸು ಮೊಬೈಲ್ ಬಿಡಲು ಒಪ್ಪುವುದಿಲ್ಲ, ಕೊನೆಗೆ ಒಂದು ಗಂಟೆಗೆ ದೀಪ ಆರಿಸಿದ ಮೇಲೆ ಮೂರನೆಯದು ಎದ್ದು ಕೂತು 'ಇಷ್ಟೂ ಆಗಲ್ವಾ ನಿನ್ನ ಕೈಲಿ' ಎಂದು ಬೈಯಲು ಶುರು ಮಾಡುತ್ತದೆ. ಮೂರೂ ನೀವೇ. ಹಾಗಾದರೆ ಜಗಳ ಯಾರ್ಯಾರ ಮಧ್ಯೆ?

ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ ಈ ಜಗಳದ ಹಿಂದೆ ಬಿದ್ದವರು. 1980ರ ದಶಕದಲ್ಲಿ ಅವರು ಫ್ಯಾಮಿಲಿ ಥೆರಪಿಸ್ಟ್, ಅಂದರೆ ಒಬ್ಬರ ತೊಂದರೆಯನ್ನು ಮನೆಯವರನ್ನೆಲ್ಲ ಕೂರಿಸಿಕೊಂಡು ಬಿಡಿಸಲು ನೋಡುವವರು. ಬುಲಿಮಿಯಾ ಇದ್ದವರು ಅವರ ಹತ್ತಿರ ಬರುತ್ತಿದ್ದರು. ಸಿಕ್ಕಾಪಟ್ಟೆ ತಿಂದು, ಆಮೇಲೆ ಬೇಕೆಂದೇ ವಾಂತಿ ಮಾಡಿಕೊಳ್ಳುವ ಕಾಯಿಲೆ ಅದು. ಮನೆಯವರ ಸಂಬಂಧ ಸುಧಾರಿಸಿದರೂ ಕೆಲವರಿಗೆ ಕಾಯಿಲೆ ಬಿಡಲಿಲ್ಲ. ಯಾಕೆ ಅಂತ ಕೇಳಿದರೆ, ನನ್ನೊಳಗೆ ಒಂದು ಭಾಗ ಬೈಯುತ್ತದೆ, ಆ ನೋವು ತಡೆಯಲಾಗದೆ ಇನ್ನೊಂದು ತಿನ್ನಿಸುತ್ತದೆ ಎಂದರು. ಅರೆ, ಕುಟುಂಬಗಳಲ್ಲಿ ನೋಡಿದ್ದೇ ಇಲ್ಲೂ ನಡೀತಿದೆಯಲ್ಲ ಎಂದು ಶ್ವಾರ್ಟ್ಸ್‌ಗೆ ಅನ್ನಿಸಿತು. ಹೀಗೆ ಹುಟ್ಟಿದ್ದು ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಅಂದರೆ ಮನಸ್ಸಿನೊಳಗಿನ ಭಾಗಗಳನ್ನೂ ಒಂದು ಕುಟುಂಬದ ಹಾಗೆ ನೋಡುವ ಥೆರಪಿ, ಚುಟುಕಾಗಿ ಐಎಫ್‌ಎಸ್. ಅರಣ್ಯಾಧಿಕಾರಿಗಳ ಐಎಫ್‌ಎಸ್ ಅಲ್ಲ, ಗಾಬರಿಯಾಗಬೇಡಿ.

ಇದರಲ್ಲಿ ಮೂರು ಥರದ ಭಾಗಗಳು. ಚಿಕ್ಕಂದಿನ ಅವಮಾನ, ಭಯ ಹೊತ್ತುಕೊಂಡು ಮೂಲೆ ಸೇರಿದವು ಒಂದು. ಆ ನೋವು ಮೇಲೆ ಬರದ ಹಾಗೆ ದಿನವಿಡೀ ಕಾವಲು ಕಾಯುವ ಮ್ಯಾನೇಜರ್‌ಗಳು ಇನ್ನೊಂದು: ಬೈಯುವುದು, ಎಲ್ಲಾ ಪರ್ಫೆಕ್ಟ್ ಆಗಿರಲಿ ಅನ್ನುವುದು, ಎಲ್ಲರಿಗೂ ಹೂಂ ಅನ್ನುವುದು, ಇವೆಲ್ಲ ಅವುಗಳ ಕೆಲಸ. ಅಷ್ಟಾದರೂ ನೋವು ಎದ್ದರೆ ಹಿಂದೆಮುಂದೆ ನೋಡದೆ ನುಗ್ಗುವವು ಮೂರನೆಯವು. ಶ್ವಾರ್ಟ್ಸ್ ಅವನ್ನು ಫೈರ್‌ಫೈಟರ್ ಎಂದು ಕರೆದರು. ಕುಡಿತ, ಅತಿಯಾಗಿ ತಿನ್ನುವುದು, ರಾತ್ರಿಯ ಆ ಮೊಬೈಲ್ ಕೂಡ ಇರಬಹುದು. ಇವುಗಳ ಆಚೆಗೆ, ಯಾರ ಪಕ್ಷವನ್ನೂ ವಹಿಸದೆ ಕೇಳಿಸಿಕೊಳ್ಳಬಲ್ಲ 'ನಾನು' ಎಲ್ಲರಲ್ಲೂ ಇದೆ ಎನ್ನುತ್ತದೆ ಐಎಫ್‌ಎಸ್. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಅದಕ್ಕಿಂತ ಹಿಡಿಸಿದ್ದು ಇವುಗಳ ಜೊತೆ ಮಾತಾಡುವ ರೀತಿ.

ಶ್ವಾರ್ಟ್ಸ್ ಸ್ವತಃ ಹೇಳಿಕೊಂಡಿರುವ ಒಂದು ಘಟನೆ ಇದೆ. ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದ ಒಬ್ಬಾಕೆ ಬರುತ್ತಿದ್ದರು. ಹಾಗೆ ಮಾಡಿಸುವ ಭಾಗವನ್ನು ಇವರು ಗಂಟೆಗಟ್ಟಲೆ ಒತ್ತಾಯಿಸಿ, ಇನ್ನು ಮಾಡುವುದಿಲ್ಲ ಎಂದು ಒಪ್ಪಿಸಿ ಕಳಿಸಿದರು. ಮುಂದಿನ ವಾರ ಬಂದಾಗ ಮುಖದ ಮೇಲೇ ಗಾಯ. ಶ್ವಾರ್ಟ್ಸ್ ಕೈಚೆಲ್ಲಿದರು. ನಿನ್ನನ್ನು ಸೋಲಿಸಲು ನನ್ನಿಂದಾಗದು ಎಂದರು. ನಿನ್ನನ್ನು ಸೋಲಿಸುವುದು ನನಗೂ ಬೇಕಿಲ್ಲ ಎಂದಿತಂತೆ ಅದು. ಆಗ ಮೊದಲ ಬಾರಿಗೆ, ಮತ್ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳಿದರು. ಬಾಲ್ಯದಲ್ಲಿ ಆಕೆಯ ಮೇಲೆ ದೌರ್ಜನ್ಯ ನಡೆಯುವಾಗ, ಅದನ್ನು ತಾಳಿಕೊಳ್ಳಲು, ಸಿಟ್ಟು ಹೊರಬಿದ್ದು ಇನ್ನಷ್ಟು ಏಟು ತಿನ್ನದಿರಲು ತಾನೇ ಕಾಪಾಡಿದ್ದು ಎಂದು ಅದು ಹೇಳಿತು. ಕಾಲ ಬದಲಾಗಿದ್ದು ಅದಕ್ಕೆ ಗೊತ್ತಾಗಿರಲೇ ಇಲ್ಲ.

ಹಾಗಾಗಿ ಈಗಲೂ ಥೆರಪಿಸ್ಟ್ ಕೇಳುವ ಮುಖ್ಯ ಪ್ರಶ್ನೆ: ಆ ಭಾಗದ ಬಗ್ಗೆ ನಿಮಗೆ ಏನನ್ನಿಸುತ್ತದೆ? 'ಥೂ, ಅದನ್ನು ಕಂಡರಾಗಲ್ಲ' ಎಂದರೆ, ಹಾಗೆ ಹೇಳಿದ್ದು ಇನ್ನೊಂದು ಭಾಗ, ಅದನ್ನು ಸ್ವಲ್ಪ ಪಕ್ಕಕ್ಕೆ ಕೂರಲು ಕೇಳುತ್ತಾರೆ. ಆಮೇಲೆ ಬೈಯುವ ದನಿಯನ್ನು ಕೇಳುವುದು, ನೀನು ಬೈಯುವುದು ನಿಲ್ಲಿಸಿದರೆ ಏನಾಗುತ್ತೆ ಅಂತ ನಿನಗೆ ಭಯ? 'ಇವನು ಫೇಲ್ ಆಗಿ ಅಪ್ಪನ ಕೈಲಿ ಎಲ್ಲರೆದುರು ಬೈಸಿಕೊಳ್ಳುತ್ತಾನೆ' ಎಂಬಂಥ ಉತ್ತರ ಬರಬಹುದು. ಇವನಿಗೆ ಎಷ್ಟು ವಯಸ್ಸು ಅಂದುಕೊಂಡಿದ್ದೀಯ ಎಂದು ಕೇಳಿದರೆ, ಹತ್ತು ಎನ್ನುತ್ತದೆ. ಇವರಿಗೋ ತಲೆಯೆಲ್ಲ ನರೆತಿರುತ್ತದೆ!

ಇದಕ್ಕೆ ಪುರಾವೆ ಇನ್ನೂ ಕಡಿಮೆ, ಹೆಸರು ಮಾತ್ರ ಜಾಸ್ತಿ. 79 ಸಂಧಿವಾತ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀಲುನೋವು, ಖಿನ್ನತೆ ಎರಡರಲ್ಲೂ ಸುಧಾರಣೆ ಕಂಡಿತ್ತು, ಆದರೆ ಅಷ್ಟು ಸಣ್ಣ ಗುಂಪನ್ನು ನೋಡಿ ಎಲ್ಲರಿಗೂ ಅನ್ವಯಿಸಲಾಗದು. ನಿಜವಾಗಿಯೂ ಕಿವಿಗೆ ದನಿ ಕೇಳಿಸುತ್ತಿದ್ದರೆ ಅದು ಬೇರೆ ವಿಷಯ, ಮನೋವೈದ್ಯರನ್ನು ಕಾಣಲೇಬೇಕು. ಹಳೆಯ ಗಾಯಗಳನ್ನು ಯೂಟ್ಯೂಬ್ ನೋಡಿಕೊಂಡು ಒಬ್ಬರೇ ಕೆದಕಲು ಹೋಗಬೇಡಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಅದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮಸ್ಕಾರ.