ಮುಂದಿನ ವರ್ಷ ಯಾವ ನಾಟಕ ಸಾರ್?

ಎಲ್ರಿಗೂ ನಮಸ್ಕಾರ. ನಾನು ತುಮಕೂರು ಕಡೆ ಒಂದು ಹೈಸ್ಕೂಲಲ್ಲಿ ಮೇಷ್ಟ್ರು, ಸ್ಕೂಲ್ ಡೇಗೆ ನಾಟಕ ಆಡಿಸೋದು ನನ್ನ ಪಾಲಿನ ಕೆಲಸ. ಇವತ್ತು ಲಂಡನ್ನಿನ ಒಂದು ಹುಡುಗರ ನಾಟಕ ತಂಡದ ಕಥೆ ಹೇಳ್ಬೇಕು, ಆದ್ರೆ ಅದು ನಂಗೆ ಯಾಕೆ ಮನಸ್ಸಿಗೆ ಹತ್ತಿರ ಅನ್ನೋದು ಮೊದ್ಲು ಹೇಳ್ಬಿಡ್ತೀನಿ. ನಾಲ್ಕು ವರ್ಷದ ಹಿಂದೆ ಅಭಿಮನ್ಯು ಪಾರ್ಟ್ ಮಾಡಿದ್ದ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಟೀಸಿ ಇಸ್ಕೊಳ್ಳೋಕೆ ಬಂದಿದ್ದ. ಟೀಸಿ ಮಡಚಿ ಜೇಬಿಗೆ ಇಟ್ಕೊಂಡು, ಬಾಗಿಲ ಹತ್ರ ನಿಂತು ಕೇಳಿದ, "ಸಾರ್, ಮುಂದಿನ ವರ್ಷ ಯಾವ ನಾಟಕ?" ನೀನಿನ್ನು ಈ ಸ್ಕೂಲಲ್ಲ ಕಣೋ ಅಂತ ಹೇಳೋಕೆ ಬಾಯಿ ಬರ್ಲಿಲ್ಲ.

ಇದೇ ಥರದ ಮಾತು 1956ರಲ್ಲಿ ಲಂಡನ್ನಲ್ಲಿ ಮೈಕೆಲ್ ಕ್ರಾಫ್ಟ್ ಅನ್ನೋ ಮೇಷ್ಟ್ರಿಗೂ ಎದುರಾಗಿತ್ತು. ಅವರು ಡಲ್ವಿಚ್‌ನ ಆಲೀನ್ಸ್ ಸ್ಕೂಲಲ್ಲಿ ಇಂಗ್ಲಿಷ್ ಹೇಳ್ಕೊಡ್ತಾ ಹುಡುಗರ ಕೈಲಿ ಶೇಕ್ಸ್‌ಪಿಯರ್ ನಾಟಕ ಆಡಿಸ್ತಿದ್ರು, ಆಮೇಲೆ ಬರೆಯೋಕೆ ಅಂತ ಕೆಲಸ ಬಿಟ್ರು, ಆದ್ರೆ ಹುಡುಗ್ರು ಅವರನ್ನ ಬಿಡ್ಲಿಲ್ಲ. ರಜೆಯಲ್ಲಿ ನಾಟಕ ಮಾಡೋಣ ಬನ್ನಿ ಸಾರ್ ಅಂತ ಹಿಂದೆ ಬಿದ್ರು. ಕೆನೆತ್ ಸ್ಪ್ರಿಂಗ್ ಅನ್ನೋರನ್ನ ಜೊತೆಗೆ ಸೇರಿಸ್ಕೊಂಡು, ಟಾಯ್ನ್‌ಬೀ ಹಾಲ್‌ನಲ್ಲಿ 'ಐದನೇ ಹೆನ್ರಿ' ಆಡಿಸಿದ್ರು. ನ್ಯಾಷನಲ್ ಯೂತ್ ಥಿಯೇಟರ್ ಹುಟ್ಟಿದ್ದು ಹೀಗೆ. ಸರ್ಕಾರದ ಆರ್ಡರ್ ಇಲ್ಲ, ಸ್ವಂತ ಬಿಲ್ಡಿಂಗ್ ಇಲ್ಲ, ಹುಡುಗರ ಹಠ ಒಂದೇ.

ಶುರುವಲ್ಲಿ ಅದು ಬರೀ ಗಂಡುಹುಡುಗರ ತಂಡ. ನಮ್ಮ ಜಿಲ್ಲೆಯವರಿಗೆ ಇದೇನು ಹೊಸದಲ್ಲ, 1884ರಲ್ಲಿ ಶುರುವಾದ ನಮ್ಮ ಗುಬ್ಬಿ ಕಂಪನೀಲೂ ಹೆಣ್ಣು ಪಾರ್ಟನ್ನ ಗಂಡಸರೇ ಮಾಡ್ತಿದ್ರು, ಚಿಕ್ಕ ಹುಡುಗನಾಗಿ ಅಲ್ಲಿಗೆ ಸೇರಿ ಆಮೇಲೆ ಯಜಮಾನ್ರೇ ಆದ ವೀರಣ್ಣನವರು ಹೆಣ್ಮಕ್ಕಳನ್ನ ಸ್ಟೇಜಿಗೆ ಕರೆತಂದ್ರು. ಲಂಡನ್ ತಂಡಕ್ಕೂ ಹುಡುಗೀರು ಬಂದ್ರು, 1965ರಲ್ಲಿ ಓಲ್ಡ್ ವಿಕ್ ಅನ್ನೋ ಹೆಸರಾಂತ ಥಿಯೇಟರ್‌ನಲ್ಲಿ ಇಪ್ಪತ್ತು ವರ್ಷದ ಒಬ್ಬ ಹುಡುಗಿ ಕ್ಲಿಯೋಪಾತ್ರ ಆಗಿ ನಿಂತ್ಳು, ಅವಳೇ ಹೆಲೆನ್ ಮಿರೆನ್. ಡೆರೆಕ್ ಜಾಕೋಬಿ, ಜೇಮ್ಸ್ ಬಾಂಡ್ ಆದ ಡೇನಿಯಲ್ ಕ್ರೇಗ್, ಇವರೆಲ್ಲ ಅಲ್ಲಿ ಪಳಗಿದೋರೇ.

ಆದ್ರೆ ನಂಗೆ ಈ ದೊಡ್ಡ ಹೆಸರುಗಳಿಗಿಂತ ಇಷ್ಟ ಆಗೋದು 1967ರ ಒಂದು ನಾಟಕ. ಅಲ್ಲೀತನಕ ಹೆಚ್ಚಾಗಿ ಶೇಕ್ಸ್‌ಪಿಯರ್ ಆಡ್ತಿದ್ದ ತಂಡಕ್ಕೆ ಪೀಟರ್ ಟರ್ಸನ್ ಅಂತ ಒಬ್ರು 'ಝಿಗರ್ ಝಾಗರ್' ಬರ್ಕೊಟ್ರು. ಸ್ಟೇಜ್ ಮೇಲೆ ಫುಟ್ಬಾಲ್ ಮೈದಾನದ ಗ್ಯಾಲರಿ, ಅದರ ತುಂಬ ಹುಡುಗ್ರು, ನಮ್ಮ ಕಡೆ ಮುಖ ಮಾಡ್ಕೊಂಡು ಕೂಗ್ತಾ ಹಾಡ್ತಾ ನಿಂತಿರ್ತಾರೆ, ಮಧ್ಯೆ ಸ್ಕೂಲ್ ಮುಗಿಸಿದ ಒಬ್ಬ ಹುಡುಗ, ಆ ಗುಂಪಿನ ಜೊತೆ ಹೋಗ್ಲಾ ಇಲ್ಲ ಒಂದು ಕೆಲಸ ಕಲೀಲಾ ಅಂತ ಒದ್ದಾಡ್ತಿರ್ತಾನೆ. ಹದಿನಾರು ಹದಿನೆಂಟರ ಹುಡುಗ್ರು ಕಿರೀಟ ಬಿಚ್ಚಿಟ್ಟು ತಮ್ಮದೇ ಕಥೆ ಆಡಿದ್ರಲ್ಲ, ಅದು ದೊಡ್ಡದು ಅನ್ಸುತ್ತೆ ನಂಗೆ.

ಕ್ರಾಫ್ಟ್ ಮೇಷ್ಟ್ರು 1986ರಲ್ಲಿ ತೀರ್ಕೊಂಡ್ರು, ತಂಡ ನಿಲ್ಲಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಬಂದ ದೇಶ ದೇಶದ ಆಟಗಾರರನ್ನ ಕ್ರೀಡಾಗ್ರಾಮದಲ್ಲಿ ಸ್ವಾಗತ ಮಾಡಿದ್ದು ಇದೇ ಹುಡುಗ್ರು.

ನಮ್ಮಲ್ಲಿ ನಾಟಕದ ಹುಚ್ಚಿಗೇನು ಕಮ್ಮಿ ಹೇಳಿ. ಜಾತ್ರೆ ಬಂದ್ರೆ ಸೀನರಿ ಕಟ್ಟಿ ಬೆಳಗಿನ ಜಾವದವರೆಗೂ ಕುರುಕ್ಷೇತ್ರ ಆಡ್ತೀವಿ, ದುರ್ಯೋಧನನ ಪಾರ್ಟಿಗೆ ಕೈಯಿಂದ ದುಡ್ಡು ಕೊಟ್ಟು ಬಣ್ಣ ಹಚ್ಕೊಳ್ಳೋ ಜನ ನಾವು. ಮನೆ ಬಿಟ್ಟು ಬಂದ ಹುಡುಗ ಬಿ.ವಿ. ಕಾರಂತರನ್ನ ಗುಬ್ಬಿ ಕಂಪನಿ ಸೇರಿಸ್ಕೊಂಡಿತು, ವೀರಣ್ಣನವರು ಮುಂದೆ ಅವರನ್ನ ಓದೋಕೆ ಕಾಶಿಗೆ ಕಳಿಸಿದ್ರು, ಅವರು ದಿಲ್ಲಿಯ ನ್ಯಾಷನಲ್ ಸ್ಕೂಲ್ ಆಫ್ ಡ್ರಾಮಾಗೇ ಡೈರೆಕ್ಟರ್ ಆದ್ರು. ಆದ್ರೆ ದುಡ್ಡೂ ಇಲ್ದೆ, ಮನೆ ಬಿಟ್ಟು ಓಡಿ ಬರೋಕೂ ಆಗದೆ ಇರೋ ಹದಿನೇಳರ ಹುಡುಗ, ಹುಡುಗಿ ಎಲ್ಲಿಗೆ ಹೋಗ್ಬೇಕು? ನಮ್ಮೂರಿನ ಹುಡುಗೀರಿಗಂತೂ ಹತ್ತನೇ ಕ್ಲಾಸಿನ ನಾಟಕವೇ ಕೊನೇದು.

ಅದಕ್ಕೇ ಹೋದ ತಿಂಗಳಿಂದ ಭಾನುವಾರ ಸಾಯಂಕಾಲ ನಮ್ಮ ಸ್ಕೂಲ್ ಜಗಲಿ ಮೇಲೆ ಸೇರೋಣ ಅಂತ ಹಳೇ ಹುಡುಗರಿಗೆಲ್ಲ ಫೋನ್ ಮಾಡ್ದೆ. ಮೊದಲ್ನೇ ವಾರ ಏಳು ಜನ ಬಂದ್ರು, ಅದ್ರಲ್ಲಿ ಇಬ್ರು ಹುಡುಗೀರು. ನಮ್ಮ ಅಭಿಮನ್ಯು ಈಗ ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರೀಲಿ ಇದಾನೆ, ಶಿಫ್ಟ್ ಮುಗಿಸಿ ಯೂನಿಫಾರ್ಮಲ್ಲೇ ಬಂದಿದ್ದ, ಕೈಗೆ ಗ್ರೀಸ್ ಮೆತ್ತಿತ್ತು. ಪುಸ್ತಕ ಮುಟ್ಟೋಕೆ ಮುಂಚೆ ನಲ್ಲಿ ಹತ್ರ ಹೋಗಿ ತಿಕ್ಕಿ ತಿಕ್ಕಿ ತೊಳ್ಕೊಂಡು ಬಂದ, ಆಮೇಲೆ ಕೇಳಿದ, "ಯಾವ ಪಾರ್ಟ್ ಸಾರ್?"

ನಮಸ್ಕಾರ.