ಕೆಲಸ ಸಿಕ್ಕಿಲ್ಲ, ಆದರೂ ಹೆಚ್ಚುವರಿ ಭತ್ಯೆ ನಿಂತದ್ದೇಕೆ?

(ಪರದೆಯ ಮೇಲೆ: ಅಮೆರಿಕದ ನಕ್ಷೆ)

ನಮಸ್ಕಾರ. ಅಮೆರಿಕದಲ್ಲಿರುವ ವೀಕ್ಷಕರೊಬ್ಬರ ಪ್ರಶ್ನೆ ಇದು: "ನಿರುದ್ಯೋಗ ಭತ್ಯೆ ಒಂದು ರಾಜ್ಯದಲ್ಲಿ ಮುಂದುವರಿಯುತ್ತದೆ, ಪಕ್ಕದ ರಾಜ್ಯದಲ್ಲಿ ನಿಲ್ಲುತ್ತದೆ. ತೀರ್ಮಾನಿಸುವವರು ಯಾರು?" ತೀರ್ಮಾನಿಸುವುದು ಒಂದು ಲೆಕ್ಕ.

ಅಲ್ಲಿನ ಬಹುತೇಕ ರಾಜ್ಯಗಳು 26 ವಾರಗಳವರೆಗೆ ಭತ್ಯೆ ಕೊಡುತ್ತವೆ. ಫ್ಲಾರಿಡಾದಂಥ ಕೆಲವು ಇನ್ನೂ ಕಡಿಮೆ. ಅದು ತೀರಿದ ಮೇಲೆ, 1970ರ ಕಾಯ್ದೆಯಡಿ ಮತ್ತೆ 13 ವಾರ ಹೆಚ್ಚುವರಿ ಭತ್ಯೆ ಸಿಗಬಹುದು. ಆದರೆ ಮೊದಲು ರಾಜ್ಯವೇ ಅರ್ಹವಾಗಬೇಕು. ವಿಮೆಯ ವ್ಯಾಪ್ತಿಯಲ್ಲಿರುವ ಕೆಲಸಗಾರರಲ್ಲಿ ಭತ್ಯೆ ಪಡೆಯುತ್ತಿರುವವರ ಪ್ರಮಾಣ, 13 ವಾರಗಳ ಸರಾಸರಿಯಲ್ಲಿ, ಕನಿಷ್ಠ ಶೇ 5 ಇರಬೇಕು. ಜೊತೆಗೆ ಅದು ಹಿಂದಿನ ಎರಡು ವರ್ಷಗಳ ಇದೇ ಅವಧಿಯ ಸರಾಸರಿಯ 1.2 ಪಟ್ಟು ಆಗಿರಬೇಕು.

(ಪರದೆಯ ಮೇಲೆ: 5 × 1.2 = 6)

ಈ ಎರಡನೆಯ ಷರತ್ತನ್ನು ಓದಿ ನಾನು ಅಲ್ಲೇ ನಿಂತೆ. ಹಿಂದಿನ ಸರಾಸರಿ 5 ಎಂದಿಟ್ಟುಕೊಳ್ಳಿ. ಈ ವರ್ಷ 5.8. ಕಷ್ಟ ಹೆಚ್ಚಿದೆ, ಆದರೂ 6 ಮುಟ್ಟಲಿಲ್ಲ, ಬಾಗಿಲು ಮುಚ್ಚಿತು. ಸತತ ಮೂರು ವರ್ಷ ಬರ ಬಿದ್ದ ತಾಲ್ಲೂಕಿಗೆ "ಬರ ಹೋದ ವರ್ಷದಷ್ಟೇ ಇದೆಯಲ್ಲ" ಎಂದು ಪರಿಹಾರ ನಿಲ್ಲಿಸಿದರೆ ಹೇಗಿರುತ್ತದೆ, ಹಾಗೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಇನ್ನೊಂದು ನೋವಿನ ಸಂಗತಿಯೂ ಇದೆ: ಭತ್ಯೆ ಮುಗಿದವರು ಈ ಎಣಿಕೆಯಿಂದಲೇ ಹೊರಬೀಳುತ್ತಾರೆ. ಹೀಗೆ ಭತ್ಯೆ ತೀರಿಯೂ ಕೆಲಸ ಸಿಗದೆ ಮನೆಯಲ್ಲಿ ಕುಳಿತವರು ಹೆಚ್ಚಿದಂತೆ ಈ ದರ ಇಳಿಯುತ್ತದೆ!

ಈ ತೊಡಕು ಸರ್ಕಾರಕ್ಕೂ ತಟ್ಟಿತು. 2010ರ ಡಿಸೆಂಬರ್‌ನಲ್ಲಿ, ಎರಡರ ಬದಲು ಮೂರು ವರ್ಷ ಹಿಂದೆ ನೋಡಲು ರಾಜ್ಯಗಳಿಗೆ ತಾತ್ಕಾಲಿಕ ಅವಕಾಶ ಕೊಟ್ಟರು.

ಉಳಿದದ್ದನ್ನು ಬೇಗ ಹೇಳುತ್ತೇನೆ. ರಾಜ್ಯ ಒಪ್ಪಿದರೆ, ಭತ್ಯೆ ಪಡೆಯುವವರ ಈ ದರ ಶೇ 6 ಮುಟ್ಟಿದಾಗ ಹಿಂದಿನ ವರ್ಷಗಳ ಹೋಲಿಕೆ ಬೇಡ. ಭತ್ಯೆ ಪಡೆಯದ ನಿರುದ್ಯೋಗಿಗಳನ್ನೂ ಎಣಿಸುವ ಒಟ್ಟು ನಿರುದ್ಯೋಗ ದರವನ್ನು ಆಧರಿಸಿದ ಮತ್ತೊಂದು ಐಚ್ಛಿಕ ದಾರಿಯೂ ಇದೆ: ಅಲ್ಲಿ ಮಿತಿ ಶೇ 6.5, ಶೇ 8 ಮುಟ್ಟಿದರೆ 13ರ ಬದಲು 20 ವಾರಗಳವರೆಗೆ ಹೆಚ್ಚುವರಿ ಭತ್ಯೆ. ಆದರೆ ಅಲ್ಲಿಯೂ ಹಳೆಯ ವರ್ಷಗಳ ಹೋಲಿಕೆ ತಪ್ಪದು. ಸಾಮಾನ್ಯವಾಗಿ ಖರ್ಚು ಕೇಂದ್ರ ಮತ್ತು ರಾಜ್ಯಕ್ಕೆ ಅರ್ಧರ್ಧ.

ಹೆಚ್ಚುವರಿ ಭತ್ಯೆಗೆ ಅರ್ಹವಾದ ರಾಜ್ಯಗಳ ಪಟ್ಟಿಯಲ್ಲಿ ನಿಮ್ಮ ರಾಜ್ಯ ಇದೆಯೇ ಎಂಬುದನ್ನು ಅಮೆರಿಕದ ಕಾರ್ಮಿಕ ಇಲಾಖೆ ವಾರವಾರವೂ ಪ್ರಕಟಿಸುತ್ತದೆ, ತಪ್ಪದೆ ನೋಡಿ. ಒಮ್ಮೆ ಪಟ್ಟಿಯಿಂದ ಹೊರಬಿದ್ದ ರಾಜ್ಯ ಕನಿಷ್ಠ 13 ವಾರ ಹೊರಗೇ ಇರಬೇಕು. ಅಷ್ಟು ಹೊತ್ತಿಗೆ ಮೂರು ತಿಂಗಳ ಮನೆ ಬಾಡಿಗೆ ಕಟ್ಟಬೇಕಾಗಿರುತ್ತದೆ.